‘ಮತ್ತು ಸಂಗಡಿಗರು’ ಅಂದ್ರೆ ಯಾರ್ರೀ?

ನಮ್ಮ ಬ್ಲಾಗಿಗರ ನಡುವೆ ಸಂಗೀತದ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೇ ತಲೆ ಎತ್ತುತ್ತೆ. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ಹಾಡಿಕೊಂಡಿದ್ದ ಹಾಡು ಬೀದಿಗೆ ಬಂದು ‘ಸೋಲ್’ ಅನ್ನಿಸಿಕೊಂಡು ಜಗತ್ತನ್ನೇ ಗೆದ್ದಿತು. ನಮ್ಮ ಮಠದ ಕಟ್ಟೆಯ ಮೇಲಿನ ಭಜನಾ ಮೇಳಗಳು ಮಾತ್ರ ಒಂದೊಂದು ಕ್ಯಾಸೆಟ್ ಮಾಡಿ ಮಲಗಿಬಿಟ್ಟವು. ನಿಜವಾಗಿ ಸರಕು ಇದ್ದಿದ್ದರೆ ಎರಡನೆಯದು ಬರುತ್ತಿರಲಿಲ್ಲವೇ? ಅಂತ.

ಕೇಳೋದಕ್ಕೆ ಬಹಳ ತರ್ಕಬದ್ಧವಾಗಿದೆ. ಆದರೆ ಶುದ್ಧ ಅವಿವೇಕ. ಕೊಪ್ಪಳ ಸೀಮೆಯವನಾಗಿ ಇದಕ್ಕೆ ಉತ್ತರ ಕೊಡಲೇಬೇಕು ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಬನ್ನಿ :-)

ಮೊದಲು ಅಮೆರಿಕದ್ದೇ ಲೆಕ್ಕ ನೋಡೋಣ. ಡೆಟ್ರಾಯಿಟ್ ಊರಿನ ಮೋಟೌನ್ ಕಂಪನಿ ಗೊತ್ತಲ್ಲ, 1959ರಲ್ಲಿ ಬೆರ್ರಿ ಗಾರ್ಡಿ ಅನ್ನುವಾತ ಶುರು ಮಾಡಿದ್ದು. ಒಂದು ಸಾಧಾರಣ ಮನೆಯಲ್ಲೇ ಸ್ಟುಡಿಯೋ. ಅದರ ವಿ.ಐ.ಪಿ. ಅನ್ನೋ ಉಪ-ಲೇಬಲ್ಲಿನಲ್ಲಿ ದಿ ಎಲ್ಜಿನ್ಸ್ ಅಂತ ಒಂದು ಹಾಡುಗಾರರ ತಂಡ ಇತ್ತು. ಮುಂದೆ ನಿಂತು ಹಾಡುವವಳು ಸಾಂಡ್ರಾ ಎಡ್ವರ್ಡ್ಸ್, ಜೊತೆಗೆ ಗಂಡಸರು. 1966ರಲ್ಲಿ ‘ಡಾರ್ಲಿಂಗ್ ಬೇಬಿ’ ಅನ್ನೋ ಹಾಡು ಹಿಟ್ ಆಯಿತು, ಅದೇ ಹೆಸರಿನ ಆಲ್ಬಂ ಬಂತು. ಮೋಟೌನ್ ಕಾಲದಲ್ಲಿ ಅವರು ಮಾಡಿದ ಸ್ಟುಡಿಯೋ ಆಲ್ಬಂ ಅದೊಂದೇ. 1967ರ ಹೊತ್ತಿಗೆ ತಂಡ ಒಡೆದು ಹೋಯಿತು.

ತಮಾಷೆ ಮುಂದಿದೆ. ಅದೇ ಆಲ್ಬಮ್ಮಿನಲ್ಲಿದ್ದ ‘ಹೆವನ್ ಮಸ್ಟ್ ಹ್ಯಾವ್ ಸೆಂಟ್ ಯು’ ಅನ್ನೋ ಹಾಡನ್ನ 1971ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಅಲ್ಲಿನ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು! ಹಾಡಿದ ತಂಡ ಚದುರಿ ಆಗಲೇ ನಾಲ್ಕು ವರ್ಷ. ಆ ಕಾಲಕ್ಕೆ ಉತ್ತರ ಇಂಗ್ಲೆಂಡಿನ ಡ್ಯಾನ್ಸ್ ಹಾಲುಗಳಲ್ಲಿ ಒಂದು ಹುಚ್ಚಿತ್ತು. ಅಮೆರಿಕದಲ್ಲಿ ಯಾರೂ ಕೇಳದೇ ಬಿಟ್ಟ ಹಳೆಯ ಸೋಲ್ ರೆಕಾರ್ಡುಗಳನ್ನ ಹುಡುಕಿ ತಂದು ಹಾಕಿ ಕುಣಿಯೋದು. ಕೂಲಿ ಮಾಡೋ ಹುಡುಗರ ಹುಚ್ಚು ಅದು.

ಈಗ ಹೇಳಿ, ಎಲ್ಜಿನ್ಸ್ ತಂಡದಲ್ಲಿ ಸರಕು ಇರಲಿಲ್ಲ ಅಂತೀರಾ? ಒಂದೇ ಆಲ್ಬಂ ಬಂದಿದ್ದಕ್ಕೆ ಕಾರಣ ಗಂಟಲು ಅಲ್ಲ. ಆ ಕಂಪನಿಯ ಗಮನವೆಲ್ಲ ಸುಪ್ರೀಮ್ಸ್, ಟೆಂಪ್ಟೇಶನ್ಸ್ ಅಂಥ ದೊಡ್ಡ ತಂಡಗಳ ಕಡೆ ಇತ್ತು. ಎಷ್ಟು ಆಲ್ಬಂ ಬಂತು ಅನ್ನೋದು ಕಂಪನಿಯ ಲೆಕ್ಕ, ಹಾಡಿನ ಲೆಕ್ಕ ಅಲ್ಲ. ಡೆಟ್ರಾಯಿಟ್ಟಿಗೆ ಈ ಮಾತು ಒಪ್ಪೋದಾದರೆ ಕುಷ್ಟಗಿಗೂ ಒಪ್ಪಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರು-ಮೈಸೂರು ಕಡೆಯ ಗೆಳೆಯರಿಗೆ ಸ್ವಲ್ಪ ವಿವರಿಸಬೇಕು. ಭಜನೆ ಅಂದರೆ ನಿಮಗೆ ದೇವಸ್ಥಾನದಲ್ಲಿ ಚಪ್ಪಾಳೆ ತಟ್ಟುತ್ತಾ ಎಲ್ಲರೂ ಒಟ್ಟಿಗೆ ಹೇಳೋ ನಾಮಸ್ಮರಣೆ ನೆನಪಾಗಬಹುದು. ನಮ್ಮಲ್ಲಿ ಅದು ಬೇರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕಿನ ಹಳ್ಳಿಗಳಲ್ಲಿ ಅಮಾವಾಸ್ಯೆ ರಾತ್ರಿ, ಶ್ರಾವಣದ ಸಪ್ತಾಹ, ಯಾರಾದರೂ ತೀರಿಕೊಂಡ ಮನೆ, ಇಲ್ಲೆಲ್ಲ ರಾತ್ರಿಯಿಡೀ ನಡೆಯೋದು ತತ್ವಪದ. ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ತಬಲಾ. ಒಬ್ಬ ಪಲ್ಲ ಎತ್ತುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಶಿಶುನಾಳ ಶರೀಫರು, ಕಡಕೋಳ ಮಡಿವಾಳಪ್ಪನವರು ಮತ್ತು ಹೆಸರು ಊರು ದಾಟದ ಎಷ್ಟೋ ಪದಕಾರರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೊಲ್ಲು ಹಿಡಿಯೋದು ಅಂದರೆ ಮುಂದಿನವ ಹೇಳಿದ್ದನ್ನ ಹಿಂದಿನವರು ಗಿಣಿಯ ಹಾಗೆ ಒಪ್ಪಿಸೋದಲ್ಲ. ಮುಂದಿನವನ ಕೊನೆಯ ಅಕ್ಷರ ಮುಗಿಯೋ ಮೊದಲೇ ಹಿಂದಿನವರು ಅದರ ಮೇಲೆ ಹತ್ತುತ್ತಾರೆ. ಅವನು ದಣಿದರೆ ಎರಡು ಸಲ ಹೆಚ್ಚಿಗೆ ಹೇಳಿ ಉಸಿರು ಕೊಡುತ್ತಾರೆ. ಅವನು ನುಡಿ ಮರೆತರೆ ಮೊದಲ ಶಬ್ದ ಎತ್ತಿಕೊಡುತ್ತಾರೆ. ಕಾಲ ಏರಿಸೋದು, ಅಂದರೆ ನಿಧಾನಕ್ಕೆ ಶುರುವಾದ ಪದ ಕೊನೆಗೆ ಓಡೋದು, ಅದು ತಾಳದವನ ಕೈಯಲ್ಲಿದೆ. ಒಟ್ಟಿನಲ್ಲಿ ಹಾಡುವವನು ಒಬ್ಬನಲ್ಲ, ಮೇಳ. ಅಮೆರಿಕದ ಚರ್ಚಿನಲ್ಲಿ ಬೋಧಕನ ಮಾತಿಗೆ ಸಭೆ ಉತ್ತರ ಕೊಡುತ್ತಿತ್ತಲ್ಲ, ಅದೇ ಮುಂದೆ ಸೋಲ್ ತಂಡಗಳ ಹಿಮ್ಮೇಳವಾಯಿತಲ್ಲ, ಇದು ಅದರದೇ ಸೋದರ ಸಂಬಂಧಿ. ಯಾರೂ ಯಾರಿಂದ ಕಲಿತದ್ದಲ್ಲ. ಕಷ್ಟಪಟ್ಟ ಜನ ಒಟ್ಟಿಗೆ ಹಾಡಲು ಕೂತಾಗ ದಾರಿ ಹೀಗೇ ಹುಟ್ಟುತ್ತದೇನೋ.

ಇಂಥ ಮೇಳ ಸ್ಟುಡಿಯೋಕ್ಕೆ ಹೋದಾಗ ಏನಾಯಿತು? ನನ್ನ ಸೋದರಮಾವನ ಮೇಳದ ಕಥೆ ಹೇಳುತ್ತೇನೆ. ಕುಷ್ಟಗಿ ತಾಲೂಕಿನ ಒಂದು ಸಣ್ಣ ಹಳ್ಳಿ, ಐದು ಜನರ ಮೇಳ. ತೊಂಬತ್ತರ ದಶಕದಲ್ಲಿ ಜಾತ್ರೆಯಲ್ಲಿ ಇವರನ್ನು ಕೇಳಿದ ಒಂದು ಕ್ಯಾಸೆಟ್ ಕಂಪನಿಯವರು ರೆಕಾರ್ಡಿಂಗಿಗೆ ಕರೆದರು. ಕಂಪನಿಯ ಹೆಸರು ಬೇಡ ಬಿಡಿ. ಐದೂ ಜನ ಜೋಳದ ರೊಟ್ಟಿ ಬುತ್ತಿ ಕಟ್ಟಿಕೊಂಡು ಕೆಂಪು ಬಸ್ಸು ಹತ್ತಿದರು.

ಅರವತ್ತು ನಿಮಿಷದ ಕ್ಯಾಸೆಟ್. ಬದಿಗೆ ಮೂವತ್ತು ನಿಮಿಷ, ಅದರಲ್ಲಿ ಐದು ಪದ ಕೂರಬೇಕು. ಅಂದರೆ ಪದಕ್ಕೆ ಆರು ನಿಮಿಷ. ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ನಡೆಯೋ ಪದ ಅದು! ನುಡಿಗಳನ್ನ ಕತ್ತರಿಸಿದರು. ತಾಳದ ಸದ್ದು ಮೈಕಿಗೆ ಚುಚ್ಚುತ್ತೆ ಅಂತ ತಾಳ ತೆಗೆಸಿದರು, ರಿದಂ ಪ್ಯಾಡ್ ಬಂತು. ಪ್ಯಾಡಿನ ಕಾಲ ಏರೋದಿಲ್ಲವಲ್ಲ, ಹಾಗಾಗಿ ಶುರುವಾದ ವೇಗದಲ್ಲೇ ಪದ ಮುಗಿಯಬೇಕು. ಕೊನೆಗೆ “ನಿಮ್ಮ ಹಿಂದಿನವರು ಸ್ವಲ್ಪ ಅಪಸ್ವರ ಆಗ್ತಾರೆ, ಕೋರಸ್ಸಿಗೆ ನಮ್ಮವರು ಅದಾರ” ಅಂದರು. ನಾಲ್ವರನ್ನ ಹೊರಗಿನ ಬೆಂಚಿನ ಮೇಲೆ ಕೂರಿಸಿ ಮಾವನೊಬ್ಬನನ್ನೇ ಒಳಗೆ ಕರೆದರು. ನಾಲ್ಕು ನುಡಿಗಳಲ್ಲಿ ಮಾತ್ರ ಇವರ ಸೊಲ್ಲು ಉಳಿದಿದೆ.

ಕ್ಯಾಸೆಟ್ಟಿನ ಮೇಲೆ ಮಾವನ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ಹಿಂದೆ ಕಂಪನಿಯ ಹೆಸರು ಮೂರು ಕಡೆ. ಒಂದು ಸಲ ಒಂದಿಷ್ಟು ದುಡ್ಡು ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಅಷ್ಟೇ. ಎರಡನೇ ಕ್ಯಾಸೆಟ್ ಯಾಕೆ ಮಾಡಲಿಲ್ಲ ಮಾವಾ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟು: “ಒಳಗ ನಾ ಒಬ್ನ ಹಾಡೀನಿ, ಹೊರಗ ಇವ್ರು ನಾಕು ಮಂದಿ ಸುಮ್ನ ಕುಂತಾರ. ಇನ್ನೊಮ್ಮಿ ಕುಂದರ್ಸಾಕ ಮನಸ್ಸ ಬರಲಿಲ್ಲೋ ಅಪ್ಪಾ.”

ಗಮನಿಸಿ. ಸರಕು ಮುಗಿದು ಎರಡನೆಯದು ನಿಂತದ್ದಲ್ಲ. ಮೇಳವೇ ಬೇಡ ಅಂದದ್ದು. ಒಂದು ಕ್ಯಾಸೆಟ್ ಮಾಡಿ ಮಲಗಿದವರು ಅಂತ ಹಗುರವಾಗಿ ಬರೆಯೋ ಮುಂಚೆ ಇದನ್ನ ಸ್ವಲ್ಪ ಯೋಚಿಸಿ.

ಇನ್ನೊಂದು ವಿಷಯ ನನಗೆ ಬಹಳ ಕಾಡೋದು. ಆ ಕ್ಯಾಸೆಟ್ಟಿನ ಎರಡು ಪದಗಳಲ್ಲಿ ಕೊನೆಯ ನುಡಿಯೇ ಇಲ್ಲ, ಸಮಯ ಸಾಲದೆ ಕತ್ತರಿಸಿದ್ದು. ತತ್ವಪದ ಕೇಳೋರಿಗೆ ಗೊತ್ತು, ಕೊನೆಯ ನುಡಿಯಲ್ಲೇ ಅಂಕಿತ ಬರೋದು. ಬರೆದವನ ಗುರುವಿನ ಹೆಸರು, ಊರು ಎಲ್ಲ ಅಲ್ಲೇ. ಅಂದರೆ ಹೊದಿಕೆಯ ಮೇಲೆ ಹಾಡಿದವರ ಹೆಸರು ಹೋಯಿತು, ಒಳಗೆ ಬರೆದವನ ಗುರುತೂ ಹೋಯಿತು. ಉಳಿದದ್ದು ಕಂಪನಿಯ ಹೆಸರು ಮಾತ್ರ.

“ಎಲ್ಲ ಕಡೆ ಹೀಗೇ ಕಣ್ರೀ, ಮೋಟೌನ್ ಏನು ಸಾಚಾನಾ?” ಅಂತ ಕೇಳಬಹುದು. ಅಲ್ಲವೇ ಅಲ್ಲ. ಅಲ್ಲಿ ದಿ ಅಂಡಾಂಟೆಸ್ ಅಂತ ಮೂವರು ಹೆಣ್ಣುಮಕ್ಕಳಿದ್ದರು. ಜಾಕಿ ಹಿಕ್ಸ್, ಮಾರ್ಲಿನ್ ಬ್ಯಾರೋ, ಲುವೇನ್ ಡೆಂಪ್ಸ್. ಮೋಟೌನಿನ ಲೆಕ್ಕವಿಲ್ಲದಷ್ಟು ಹಿಟ್ ಹಾಡುಗಳ ಹಿಂದಿನ ದನಿ ಇವರದು. ಇವರಿಗೆ ಒಂದು ಆಲ್ಬಮ್ಮೂ ಇಲ್ಲ. 1968ರ ‘ಲವ್ ಚೈಲ್ಡ್’ ಸುಪ್ರೀಮ್ಸ್ ತಂಡದ ಹೆಸರಲ್ಲಿ ಬಂತು, ಆದರೆ ಅದರಲ್ಲಿ ಡಯಾನಾ ರಾಸ್ ಹಿಂದೆ ಹಾಡಿದವರು ತಂಡದ ಉಳಿದಿಬ್ಬರಲ್ಲ, ಈ ಅಂಡಾಂಟೆಸ್. ತಂಡದವರನ್ನ ಬೆಂಚಿನ ಮೇಲೆ ಕೂರಿಸೋ ವಿದ್ಯೆ ಕುಷ್ಟಗಿಯವರಿಗೆ ಮಾತ್ರ ತೋರಿಸಿದ್ದಲ್ಲ ಅನ್ನೋದು ಒಂದು ಸಮಾಧಾನ :-( ವಾದ್ಯ ನುಡಿಸೋರ ಕಥೆಯೂ ಅಷ್ಟೇ. 1971ರಲ್ಲಿ ಮಾರ್ವಿನ್ ಗೇ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಮಾಡಿದಾಗ ಮೋಟೌನಿನ ಮನೆಯ ವಾದ್ಯಗಾರರ ಹೆಸರು ಮೊದಲ ಸಲ ಹೊದಿಕೆಯ ಮೇಲೆ ಬಂತು.

ವ್ಯತ್ಯಾಸ ಏನಪ್ಪಾ ಅಂದರೆ, ಅಲ್ಲಿನ ಕೇಳುಗರು ಸುಮ್ಮನೆ ಕೂರಲಿಲ್ಲ. ಹಳೆಯ ಕಾಗದ ಹುಡುಕಿದರು, ವಯಸ್ಸಾದವರ ಮನೆಗೆ ಹೋಗಿ ಕೇಳಿ ಬರೆದುಕೊಂಡರು, 2002ರಲ್ಲಿ ಆ ವಾದ್ಯಗಾರರ ಮೇಲೆ ಸಿನಿಮಾನೇ ಬಂತು. ಅದಕ್ಕೇ ಇವತ್ತು ಕೊಪ್ಪಳ ಜಿಲ್ಲೆಯ ನಾನು ಡೆಟ್ರಾಯಿಟ್ಟಿನ ಮೂವರು ಹಿಮ್ಮೇಳದವರ ಹೆಸರು ಬರೆಯಬಲ್ಲೆ. ಡೆಟ್ರಾಯಿಟ್ಟಿನವರು ಹಾಗಿರಲಿ, ಬೆಂಗಳೂರಿನಲ್ಲಿರೋ ನೀವು ಯಲಬುರ್ಗಾದ ಒಬ್ಬ ದಮ್ಮಡಿಯವನ ಹೆಸರು ಹೇಳಿ ನೋಡೋಣ?

ಕಾನೂನು ಏನು ಹೇಳುತ್ತೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿಸಿದ 52ಎ ಕಲಂ ಪ್ರಕಾರ ಧ್ವನಿಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಕೆಲವು ವಿವರ ಇರಲೇಬೇಕು. ಮುದ್ರಿಸಿದವರ ಹೆಸರು-ವಿಳಾಸ, ಕೃತಿಸ್ವಾಮ್ಯ ಇರುವವರ ಹೆಸರು-ವಿಳಾಸ, ಮೊದಲು ಹೊರಬಂದ ವರ್ಷ. ಅಷ್ಟೇ! ಹಾಡಿದವರ ಹೆಸರು ಆ ಪಟ್ಟಿಯಲ್ಲಿಲ್ಲ. ಕಳ್ಳ ಕ್ಯಾಸೆಟ್ ಹಿಡಿಯೋದಕ್ಕೆ ಮಾಡಿದ ಕಲಂ, ಕಂಪನಿಗೆ ಬೇಕಾದದ್ದನ್ನ ಕಾದಿತು. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಅಂತ ಒಂದು ಬಂತು. 2012ರ ತಿದ್ದುಪಡಿಯಲ್ಲಿ 38ಬಿ ಕಲಂ ಬಂದು, ಹಾಡಿದವರಿಗೆ ‘ಹಾಡಿದ್ದು ನಾನು’ ಅಂತ ಗುರುತಿಸಿಕೊಳ್ಳೋ ನೈತಿಕ ಹಕ್ಕು ಸಿಕ್ಕಿತು. ಕಾಯ್ದೆಯಲ್ಲಿ ಪ್ರದರ್ಶಕ ಅಂದರೆ ಗಾಯಕ, ವಾದ್ಯಗಾರ ಎಲ್ಲರೂ. ಮುಂದೆ ನಿಂತವ, ಹಿಂದೆ ಕೂತವ ಅನ್ನೋ ಭೇದ ಅಲ್ಲಿಲ್ಲ. ಅಂದಮೇಲೆ ಇವತ್ತು ಹೊಸದಾಗಿ ರೆಕಾರ್ಡ್ ಮಾಡೋರು ‘ಮತ್ತು ಸಂಗಡಿಗರು’ ಅಂತ ಬರೆದು ಕೈ ತೊಳೆದುಕೊಳ್ಳೋದಕ್ಕೆ ಯಾವ ನೆಪವೂ ಇಲ್ಲ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಜಾಗ ಇರಲಿಲ್ಲ ಅನ್ನೋಣ, ಯೂಟ್ಯೂಬಿನ ವಿವರಣೆಯಲ್ಲಿ ಐದು ಹೆಸರಿಗೆ ಜಾಗ ಇಲ್ಲವೇ ಸ್ವಾಮಿ? ಅಲ್ಲಿ ಅವರ ಫೋನ್ ನಂಬರು, ಲೈಕು, ಸಬ್‌ಸ್ಕ್ರೈಬು ಎಲ್ಲ ಇರುತ್ತೆ.

ಇನ್ನು ವಿರೋಧಿಗಳ ಮಾತಿಗೆ ಬರೋಣ. ಮೂರು ತರಹದವರು ಇದ್ದಾರೆ.

ಒಂದು, “ಜಾನಪದಕ್ಕೆ ಕರ್ತೃ ಇಲ್ಲ, ಅದು ಸಮುದಾಯದ್ದು, ಹೆಸರು ಹಚ್ಚಿದರೆ ಅದರ ಗುಣ ಕೆಡುತ್ತೆ” ಅನ್ನೋ ಪಂಡಿತರು. ತತ್ವಪದಕಾರರೇ ಅಂಕಿತ ಹಾಕಿ ಬರೆದಿದ್ದಾರಲ್ಲ, ಅವರಿಗೆ ಗುಣ ಕೆಡೋದು ಗೊತ್ತಿರಲಿಲ್ಲವೇ? ಅಲ್ಲದೆ ಇದೇ ಪಂಡಿತರು ಹಾಡು ಸಂಗ್ರಹಿಸಿ ಪುಸ್ತಕ ತಂದಾಗ ಮುಖಪುಟದ ಮೇಲೆ ಸಂಪಾದಕರ ಹೆಸರು ದಪ್ಪಕ್ಷರದಲ್ಲಿರುತ್ತೆ. ಆಗ ಸಮುದಾಯ ಎಲ್ಲಿಗೆ ಹೋಗಿರುತ್ತೆ?

ಎರಡು, “ಪೇಟೆಯ ಗಾಯಕರು ಹಾಡದಿದ್ದರೆ ಇವನ್ನೆಲ್ಲ ಯಾರು ಕೇಳ್ತಿದ್ರು?” ಅನ್ನೋರು. ಈ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ಸಿ. ಅಶ್ವಥ್ ಶರೀಫರ ಪದಗಳನ್ನ ನಾಡಿನ ಮನೆಮನೆಗೆ ಮುಟ್ಟಿಸಿದರು. ಆ ದನಿ ಕೇಳಿ ಮೈ ಜುಂ ಅನ್ನದ ಕನ್ನಡಿಗ ಯಾರು? 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದಾಗ ನಮ್ಮೂರ ಮೇಳದವರೇ ಹೋಗಿ ನೋಡಿ ಬಂದರು. ಆದರೆ ಅದು ಸುಗಮ ಸಂಗೀತ. ಅಲ್ಲಿ ಗಾಯಕ ಒಬ್ಬ, ವಾದ್ಯಗೋಷ್ಠಿ ಅವನ ಹಿಂದೆ. ಅದು ಒಂದು ಬಗೆ, ಮೇಳ ಇನ್ನೊಂದು ಬಗೆ. ಒಂದು ಇದೆ ಅಂದಮಾತ್ರಕ್ಕೆ ಇನ್ನೊಂದು ಬೇಡ ಅನ್ನೋದು, ಮಾವಿನಹಣ್ಣು ತಿಂದೆ ಇನ್ನು ಜೋಳ ಬಿತ್ತೋದು ಬೇಡ ಅಂದ ಹಾಗೆ.

ಮೂರು, ಇವರು ಬಹಳ ಒಳ್ಳೆಯವರು, ಅದಕ್ಕೇ ಬಹಳ ಅಪಾಯ. “ರೆಕಾರ್ಡ್ ಮಾಡಿದರೆ ಸಾಯುತ್ತೆ, ಅದನ್ನ ಅದರ ಪಾಡಿಗೆ ಬಿಡಿ” ಅನ್ನೋರು. ಪಾಡಿಗೆ ಬಿಟ್ಟರೆ ಏನಾಗುತ್ತೆ ಅಂತ ಬಂದು ನೋಡಿ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳ ಅರ್ಧ ಮಂದಿ ಗುಳೆ ಹೋಗುತ್ತಾರೆ, ಬೆಂಗಳೂರು, ಮಂಗಳೂರು, ಗೋವಾ. ಸೊಲ್ಲು ಹಿಡಿಯೋ ವಯಸ್ಸಿನ ಹುಡುಗರೇ ಅವರು. ಜಾತ್ರೆಯಲ್ಲಿ ಡಿಜೆ ಬಂದಿದೆ, ಅದು ಯಾರ ಪಾಡಿಗೂ ಯಾರನ್ನೂ ಬಿಡೋದಿಲ್ಲ. ಮಾವನ ಮೇಳದ ಐವರಲ್ಲಿ ಈಗ ಇಬ್ಬರೇ ಉಳಿದಿದ್ದಾರೆ. ಹೋದ ಮೂವರ ಸೊಲ್ಲು ಕೇಳಬೇಕು ಅಂದರೆ ಇರೋದು ಆ ಕ್ಯಾಸೆಟ್ಟಿನ ನಾಲ್ಕು ನುಡಿ.

ದರೋಜಿ ಈರಮ್ಮನವರನ್ನ ನೆನಪು ಮಾಡಿಕೊಳ್ಳಿ. ಹೊಳೆಯಾಚೆ ಬಳ್ಳಾರಿ ಜಿಲ್ಲೆಯ, ಕರಡಿಧಾಮದ ದರೋಜಿ. ಬುಡ್ಗ ಜಂಗಮ ಸಮುದಾಯದ ಹೆಣ್ಣುಮಗಳು, ಓದುಬರಹ ಇಲ್ಲ, ದಿನಗಟ್ಟಲೆ ಹಾಡುವಷ್ಟು ಬುರ್ರಕಥೆ ಕಾವ್ಯಗಳು ನಾಲಿಗೆಯ ಮೇಲೆ. ಅದರಲ್ಲಿ ಕುಮಾರರಾಮನ ಕಥೆಯೂ ಒಂದು. ಆ ಕುಮಾರರಾಮನ ಕುಮ್ಮಟದುರ್ಗ ಇರೋದು ನಮ್ಮ ಗಂಗಾವತಿ ಸೀಮೆಯಲ್ಲೇ. ಹಂಪಿ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟಿತು, ಆಕೆ ಹಾಡಿದ ಕಾವ್ಯಗಳನ್ನ ಅಚ್ಚು ಹಾಕಿಸಿತು. ದೊಡ್ಡ ಕೆಲಸ, ಕೈ ಮುಗಿಯುತ್ತೇನೆ. ಆದರೆ 2014ರ ಆಗಸ್ಟಿನಲ್ಲಿ ಈರಮ್ಮ ತೀರಿಕೊಂಡರು. ಬುರ್ರಕಥೆ ಒಬ್ಬರ ಹಾಡಲ್ಲ. ಕಥೆ ಹೇಳುವವಳ ಎರಡೂ ಬದಿಗೆ ಚರ್ಮವಾದ್ಯ ನುಡಿಸುತ್ತಾ ಸೊಲ್ಲು ಕೊಡೋ ಇಬ್ಬರು ಬೇಕು. ಅಚ್ಚಿನ ಪುಸ್ತಕದಲ್ಲಿ ಕಥೆ ಇರುತ್ತೆ, ಆ ಇಬ್ಬರ ಉಸಿರು ಇರೋದಿಲ್ಲ.

ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, 96ನೇ ವಯಸ್ಸಿನಲ್ಲಿ. ತೊಗಲುಗೊಂಬೆ ಆಟ. ಜಿಲ್ಲೆಗೆ ಜಿಲ್ಲೆಯೇ ಕುಣಿಯಿತು, ನಾನೂ ಕುಣಿದೆ. ತೊಗಲುಗೊಂಬೆಯಲ್ಲಿ ಹಾಡುವವರು ಕಾಣೋದೇ ಇಲ್ಲ, ಪರದೆಯ ಹಿಂದೆ ಮನೆಮಂದಿಯೆಲ್ಲ ಕೂತು ಹಾಡಬೇಕು. ಒಬ್ಬ ಅಜ್ಜಿಯ ಹೆಸರು ದಿಲ್ಲಿ ಮುಟ್ಟೋದಕ್ಕೆ 96 ವರ್ಷ ಹಿಡಿಯಿತು. ಹಿಂದೆ ಕೂತವರ ಹೆಸರು ಬರೆದುಕೊಳ್ಳೋದಕ್ಕೆ ನಮಗೆ ಇನ್ನೆಷ್ಟು ವರ್ಷ ಬೇಕು?

ಹಾಗಾದರೆ ಮೇಳಗಳನ್ನ ಮತ್ತೆ ಸ್ಟುಡಿಯೋಕ್ಕೆ ಕರೆಯಬೇಕಾ? ಬೇಕಿಲ್ಲ. 1972ರ ಜನವರಿಯಲ್ಲಿ ಅರೀಥಾ ಫ್ರಾಂಕ್ಲಿನ್, ಆಗಲೇ ಸೋಲ್ ಸಂಗೀತದ ರಾಣಿ ಅನ್ನಿಸಿಕೊಂಡಾಕೆ, ತನ್ನ ಗಾಸ್ಪೆಲ್ ಆಲ್ಬಂ ‘ಅಮೇಜಿಂಗ್ ಗ್ರೇಸ್’ ಮಾಡೋದಕ್ಕೆ ಸ್ಟುಡಿಯೋಕ್ಕೆ ಹೋಗಲಿಲ್ಲ. ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ಸಭೆಯ ಮುಂದೆ, ದೊಡ್ಡ ಹಿಮ್ಮೇಳ ಇಟ್ಟುಕೊಂಡು ಹಾಡಿದಳು. ಜನರ ಕೂಗು, ಚಪ್ಪಾಳೆ ಎಲ್ಲ ಅದರಲ್ಲಿದೆ. ಆಕೆಯ ಜೀವಮಾನದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದೇ. ಎಲ್ಲಿ ಹಾಡು ಹುಟ್ಟಿತೋ ಅಲ್ಲಿಗೇ ಯಂತ್ರ ಹೋಗಬೇಕು, ಹಾಡು ಯಂತ್ರ ಹುಡುಕಿಕೊಂಡು ಬಸ್ಸು ಹತ್ತಬಾರದು. ಇವತ್ತು ಯಂತ್ರ ನಮ್ಮ ಜೇಬಿನಲ್ಲೇ ಇದೆ.

ಅದಕ್ಕೆ ಬ್ಲಾಗು ಬರೆಯೋ ಗೆಳೆಯರಲ್ಲಿ ನನ್ನ ಜಗಳ ಮತ್ತು ಬೇಡಿಕೆ ಎರಡೂ ಒಂದೇ. ನಿಮ್ಮ ಊರಿಗೆ ಹೋದಾಗ ಒಂದು ರಾತ್ರಿ ಮೇಳದ ಮುಂದೆ ಕೂತು ಬನ್ನಿ. ಮೊದಲು ಎಲ್ಲರನ್ನೂ ಕೇಳಿ, ಮುಂದಿನವನನ್ನ ಮಾತ್ರ ಅಲ್ಲ. ಒಪ್ಪಿದರೆ ಮೊಬೈಲನ್ನ ತಾಳದವನ ಪಕ್ಕ ಇಡಬೇಡಿ, ಬರೀ ಝಣಝಣ ಬರುತ್ತೆ. ಎಂಟು-ಹತ್ತು ಅಡಿ ದೂರ, ಕೇಳುಗರು ಕೂತ ಕಡೆ, ಮಡಚಿದ ಟವೆಲ್ಲಿನ ಮೇಲೆ ಇಡಿ. ಪದ ಪೂರ್ತಿ ಮುಗಿಯೋವರೆಗೆ ನಿಲ್ಲಿಸಬೇಡಿ, ಅಂಕಿತ ಬರಲೇಬೇಕು. ಕೊನೆಗೆ ಪ್ರತಿಯೊಬ್ಬರಿಂದ ಅವರವರ ಹೆಸರು, ಊರು, ಹಿಡಿದ ವಾದ್ಯ ಅವರ ಬಾಯಿಂದಲೇ ಹೇಳಿಸಿ ಅದೇ ರೆಕಾರ್ಡಿನಲ್ಲಿ ಇರಿಸಿ. ಆಗ ಯಾರು ಎಲ್ಲಿ ಹಂಚಿದರೂ ಹೆಸರು ಹಾಡಿನ ಜೊತೆಗೇ ಹೋಗುತ್ತೆ. ಒಂದು ಪ್ರತಿ ಅವರಿಗೆ ಕೊಟ್ಟು ಬನ್ನಿ. ಖರ್ಚು ಎಷ್ಟು? ಒಂದು ರಾತ್ರಿಯ ನಿದ್ದೆ.

ಜಾನಪದ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಆಕಾಶವಾಣಿ ಇವರೆಲ್ಲರಿಗೂ ಇದಕ್ಕಿಂತ ಹೆಚ್ಚಿನ ಹೊಣೆ ಇದೆ. ಅವರು ಪ್ರಶಸ್ತಿ ಕೊಡುವಾಗ, ರೆಕಾರ್ಡ್ ಮಾಡುವಾಗ ಮೇಳದ ಎಲ್ಲರ ಹೆಸರು ಬರೆಯೋದನ್ನ ನಿಯಮ ಮಾಡಲಿ ಅಂತ ನಾವು ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ಅವರಿಗಾಗಿ ಕಾಯುತ್ತಾ ಕೂರೋದು ಬೇಡ. ಎಲ್ಜಿನ್ಸ್ ಹಾಡನ್ನ ಬದುಕಿಸಿದ್ದು ಸರ್ಕಾರ ಅಲ್ಲ, ಕಿವಿ ಇದ್ದ ನಾಲ್ಕು ಜನ ಹುಚ್ಚರು.

“ಇಷ್ಟೆಲ್ಲ ಬರೆದೆ, ನಿನ್ನ ಮಾವನ ಮೇಳದವರ ಹೆಸರೇ ಬರೆದಿಲ್ಲವಲ್ಲ ಮಾರಾಯ?” ಅಂತ ಯಾರಾದರೂ ಕಾಮೆಂಟು ಹಾಕೇ ಹಾಕುತ್ತೀರಿ, ಗೊತ್ತು :-) ಅವರನ್ನ ಕೇಳಿದೆ. ಹಳೆಯ ಕಂಪನಿಯ ಜೊತೆ ರಗಳೆ ಬೇಡ, ಈ ಜಗಳದಾಗ ನಮ್ಮ ಹೆಸರ ಬ್ಯಾಡ ಅಂದರು. ಹೆಸರು ಹಾಕೋದು ಎಷ್ಟು ಅವರ ಹಕ್ಕೋ, ಬೇಡ ಅನ್ನೋದೂ ಅಷ್ಟೇ ಅವರ ಹಕ್ಕು. ಆ ಕ್ಯಾಸೆಟ್ ಅವರನ್ನ ಈ ಮಾತು ಕೇಳಲೇ ಇಲ್ಲ, ನನ್ನ ತಕರಾರು ಇರೋದೇ ಅಲ್ಲಿ.

ಮುಂದಿನ ಸಲ ಎಲ್ಲಾದರೂ ‘ಮತ್ತು ಸಂಗಡಿಗರು’ ಅಂತ ಓದಿದರೆ ಅದರ ಕೆಳಗೆ ಒಂದೇ ಒಂದು ಸಾಲು ಬರೆದು ಬನ್ನಿ: ಯಾರು ಅವರು? ಉತ್ತರ ಕೊಡೋವರೆಗೂ ಕೇಳಿ. ಏನಂತೀರಾ?